ಕಾರ್ಟೂನ್ ಕಲಿಸಿದ ಬೇಸ್‌ಬಾಲ್

ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವುದೂ ಒಂದು ವಿದ್ಯೆ. ನಾನು ಓದಿದ ಮೈಸೂರಿನ ಶಾಲೆಯಲ್ಲಿ ಅದೊಂದನ್ನು ಕಲಿಸಲಿಲ್ಲ. ಅಲ್ಲಿ ಸುಮ್ಮನಿದ್ದವರಿಗೆ ಸೊನ್ನೆ, ಏನಾದರೂ ಗೀಚಿದವರಿಗೆ ಎರಡು ಅಂಕ. ಹೀಗಾಗಿ 2015ರ ಬೇಸಿಗೆಯ ಒಂದು ಶನಿವಾರ, ವೆಲ್ಲಿಂಗ್ಟನ್ನಿನ ನಮ್ಮ ಜಾನ್ಸನ್‌ವಿಲ್ ಬಡಾವಣೆಯ ಮೈದಾನದಲ್ಲಿ, ಮಗಳ ಸಾಫ್ಟ್‌ಬಾಲ್ ತಂಡದ ಕೋಚ್ ಕ್ಯಾರನ್, “ಇವತ್ತು ಅಂಪೈರ್ ಬಂದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಆಟ ಗೊತ್ತಾ?” ಎಂದು ಅಪ್ಪ-ಅಮ್ಮಂದಿರನ್ನು ಕೇಳಿದಾಗ ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಅಕ್ಕ ನನಗೆ ಚಿಕ್ಕಂದಿನಿಂದ ಪರಿಚಯ, ಟೀವಿಯ ಹಳೆಯ ಕಾರ್ಟೂನುಗಳಲ್ಲಿ. ಅಲ್ಲಿ ಹೊಡೆದ ಚೆಂಡು ಊರನ್ನೇ ದಾಟುತ್ತಿತ್ತು. ಎಸೆಯುವವನು ಗಿರಗಿರನೆ ತಿರುಗಿ ನೆಲದೊಳಗೇ ಇಳಿದುಬಿಡುತ್ತಿದ್ದ. ಓಡುವವನು ಧೂಳೆಬ್ಬಿಸುತ್ತ ಜಾರಿಬಂದು, ಓಟದ ತಂಗುದಾಣವಾದ ಬೇಸಿನ ಮೇಲೇ ಗಕ್ಕನೆ ನಿಲ್ಲುತ್ತಿದ್ದ. ಇವರೆಲ್ಲರಿಗಿಂತ ನನಗಿಷ್ಟ ಅಂಪೈರ್. ಡೊಳ್ಳುಹೊಟ್ಟೆ, ಗುಡುಗಿನ ದನಿ, ಹೆಬ್ಬೆರಳೆತ್ತಿ “ಔಟ್!” ಎಂದರೆ ಮುಗಿಯಿತು. ಹೊಟ್ಟೆ, ದನಿ ಎರಡೂ ನನ್ನಲ್ಲಿ ಆಗಲೇ ಇದ್ದವು. ಗಂಡ ರವಿ ಕಿವಿಯಲ್ಲಿ, “ಬೇಡ ಕಣೇ, ನಿಂಗೆ ಕ್ರಿಕೆಟ್ಟೇ ಸರಿಯಾಗಿ ಅರ್ಥ ಆಗಲ್ಲ” ಎಂದ. ಆ ಮಾತಿಗಾಗಿಯೇ ಹೋಗಿ ನಿಂತೆ.

ನನ್ನ ಮಗಳು ಇಂಚರಾ ಆ ಬೇಸಿಗೆಯಿಡೀ ಬ್ಯಾಟಿಗೆ ಚೆಂಡು ತಗುಲಿಸಿದವಳಲ್ಲ. ಅಂದು ತಗುಲಿಸಿದಳು. ತನಗೇ ನಂಬಿಕೆಯಾಗದೆ ಒಂದು ಗಳಿಗೆ ನಿಂತು, ಆಮೇಲೆ ಓಡಿದಳು ನೋಡಿ! ಚೆಂಡಿಗಿಂತ ಮೊದಲೇ ಮೊದಲ ಬೇಸ್ ತುಳಿದಳು. ಆದರೆ ಅಲ್ಲಿ ನಿಲ್ಲದೆ ಅದೇ ವೇಗದಲ್ಲಿ ಮುಂದಕ್ಕೆ ಹೋಗಿಬಿಟ್ಟಳು. ಬೇಸ್ ಬಿಟ್ಟವರನ್ನು ಔಟ್ ಮಾಡುವಂತೆ ಎದುರು ತಂಡದ ಹುಡುಗಿ ಅವಳ ಬೆನ್ನಿಗೆ ಚೆಂಡು ಮುಟ್ಟಿಸಿದಳು. ಕಾರ್ಟೂನಿನಲ್ಲಿ ಯಾರೂ ಹಾಗೆ ಬೇಸ್ ದಾಟಿ ಹೋದದ್ದಿಲ್ಲ. ಹೆತ್ತ ಮಗಳೆಂಬ ಪಕ್ಷಪಾತ ಬೇಡವೆಂದು ತುಸು ಜೋರಾಗಿಯೇ “ಔಟ್!” ಎಂದೆ.

“ಅಮ್ಮಾ, ಐ ವಾಸ್ ಸೇಫ್!”

“ಔಟ್ ಅಂದ್ರೆ ಔಟ್!”

ಮೂಗಿಗೆ ಮೂಗು ತಾಗಿಸಿ ನಿಂತೆವು. ಅವಳ ಕಣ್ಣು ತುಂಬಿಬಂದಿತ್ತು. ಕ್ಯಾರನ್ ಮೆಲ್ಲಗೆ ಬಂದು, “ಯಾ... ನಾ...” ಎಂದು ಹೌದು-ಅಲ್ಲಗಳನ್ನು ಒಟ್ಟಿಗೇ ನುಡಿದು, “ಮೊದಲನೇ ಬೇಸನ್ನು ದಾಟಿ ಓಡಬಹುದು” ಎಂದಳು. ಈ ದೇಶದಲ್ಲಿ ತಪ್ಪು ದೊಡ್ಡದಾದಷ್ಟೂ ಅದನ್ನು ಹೇಳುವ ದನಿ ಮೃದುವಾಗುತ್ತದೆ. ಕ್ಯಾರನ್‌ಳ ದನಿ ಬೆಣ್ಣೆಯಂತಿತ್ತು. ಎತ್ತಿದ ಹೆಬ್ಬೆರಳನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕಿ, ನನಗಷ್ಟೇ ಕೇಳುವಂತೆ “ಸೇಫ್” ಎಂದೆ. ಕ್ಯಾರನ್ ಅದನ್ನು ಊರಿಗೆಲ್ಲ ಕೇಳುವಂತೆ ಕೂಗಿದಳು. ಇಂಚರಾ ಮೂಗೊರೆಸಿಕೊಂಡು, ಗೆದ್ದವಳ ಗತ್ತಿನಲ್ಲಿ ಬೇಸ್‌ಗೆ ಮರಳಿದಳು.

ಕಾರಿನಲ್ಲಿ ಇಂಚರಾ, “ಅಮ್ಮಾ, ವೇರ್ ಡಿಡ್ ಯು ಲರ್ನ್ ದ ರೂಲ್ಸ್?” ಎಂದಳು.

“ಕಾರ್ಟೂನಲ್ಲಿ, ಪುಟ್ಟಾ.”

ಮನೆ ಮುಟ್ಟುವವರೆಗೂ ಅಪ್ಪ-ಮಗಳು ನಕ್ಕರು.

ಮುಂದಿನ ಶನಿವಾರ ಕ್ಯಾರನ್ ನನ್ನ ಕೈಗೆ ಚಾಕು ಮತ್ತು ಒಂದು ಚೀಲ ಕಿತ್ತಳೆ ಕೊಟ್ಟು, ಮಕ್ಕಳಿಗೆ ಹೆಚ್ಚಿಡಲು ಹೇಳಿದಳು. ಒಂದೊಂದಕ್ಕೆ ನಾಲ್ಕು ಹೋಳು ಸಾಕಂತೆ. ನಾನು ಆರು ಮಾಡಿದೆ. ಒಂದು ಕಡೆಯಾದರೂ ನನ್ನ ತೀರ್ಪು ನಿಲ್ಲಬೇಡವೇ?