ಮಾವನ ಸೈಕಲ್ಲೂ ನನ್ನ ಶಪಥವೂ

ಶಪಥ ಮಾಡುವ ಮೊದಲು ಅಕ್ಕಪಕ್ಕ ಯಾರಿದ್ದಾರೆಂದು ನೋಡಿಕೊಳ್ಳಬೇಕು ಎಂಬುದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಬಚ್ಚಲುಮನೆಯಲ್ಲಿ ಒಬ್ಬನೇ ನಿಂತು ಮಾಡುವ ಶಪಥಗಳು ಬಹಳ ಒಳ್ಳೆಯವು. ಅವನ್ನು ಮುರಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾಫಿ ಬಿಡುತ್ತೇನೆ, ಕೋಳಿ ಕೂಗುವ ಹೊತ್ತಿಗೆ ಏಳುತ್ತೇನೆ, ಹೆಂಡತಿಯ ತವರಿನ ವಿಷಯ ಎತ್ತುವುದಿಲ್ಲ ಎಂದು ನಾನು ಎಷ್ಟೋ ಶಪಥಗಳನ್ನು ಸದ್ದಿಲ್ಲದೆ ಮಾಡಿ, ಸದ್ದಿಲ್ಲದೆ ಮುರಿದು, ತಟ್ಟೆ ತುಂಬ ಉಂಡು ನೆಮ್ಮದಿಯಾಗಿದ್ದವನು. ಆದರೆ ಒಂದೇ ಒಂದು ಶಪಥವನ್ನು ಮಾತ್ರ ತುಂಬಿದ ಬಸ್ಸಿನ ಎದುರಿಗೆ ಮಾಡಿಬಿಟ್ಟೆ. ತೊಂಬತ್ತರ ದಶಕದ ನನ್ನ ಕಷ್ಟಗಳೆಲ್ಲ ಅಲ್ಲಿಂದ ಶುರುವಾದವು.

ಆಗ ನನಗೆ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ. ಮನೆ ಅರಕೆರೆ ರಸ್ತೆಯ ಮೇಲಿನ ನಮ್ಮ ಹಳ್ಳಿಯಲ್ಲೇ. ಅರಕೆರೆಯಿಂದ ಬರುವ ಪ್ರೈವೇಟ್ ಬಸ್ಸೊಂದು ನಮ್ಮೂರ ಅರಳಿಕಟ್ಟೆಯ ಮುಂದೆ ನಿಂತು ಪಟ್ಟಣಕ್ಕೆ ಹೋಗುತ್ತಿತ್ತು. ಅದರ ಕಂಡಕ್ಟರ್ ಸಿದ್ದೇಗೌಡ ನನ್ನ ಹೆಂಡತಿಯ ಚಿಕ್ಕಪ್ಪನ ಮಗ. ಕಂಡಕ್ಟರ್ ನೆಂಟನಾದರೆ ಸುಖ ಎಂದು ನೀವು ತಿಳಿದಿದ್ದರೆ ನಿಮಗೆ ಅಂಥ ನೆಂಟನಿಲ್ಲ ಎಂದು ಅರ್ಥ. ನಾನು ತಡವಾದಾಗಲೆಲ್ಲ ಅವನು ಬಾಗಿಲಲ್ಲಿ ನಿಂತು, "ತಡೀರಪ್ಪ, ನಮ್ ಬಾವ ಇನ್ನೂವೆ ಅಲ್ಲುಜ್ತಾವ್ರೆ, ಮಕ ತೊಳ್ಕಂಡು ಬಂದ್ಬುಡ್ಲಿ" ಎಂದು ಇಡೀ ಬಸ್ಸಿಗೆ ವರದಿ ಒಪ್ಪಿಸುತ್ತಿದ್ದ. ಒಂದು ದಿನ ಡ್ರೈವರಿಗೆ ತಾಳ್ಮೆ ತಪ್ಪಿತು. ನಾನು ಓಡಿ ಬಂದು ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟೆ, ಬಸ್ಸು ಹೊರಟಿತು, ಕಾಲು ಹಿಂದಕ್ಕೆ ಬಂತು, ಚಪ್ಪಲಿ ಮುಂದಕ್ಕೆ ಹೋಯಿತು. ಉಳಿದ ಒಂದು ಚಪ್ಪಲಿಯಲ್ಲಿ ಮನೆಗೆ ವಾಪಸು ಬಂದು ಆ ದಿನ ರಜೆ ಹಾಕಿದೆ.

ಸಂಜೆ ಚಪ್ಪಲಿ ಕೇಳಲು ಅರಳಿಕಟ್ಟೆಗೆ ಹೋದರೆ, ಸಿದ್ದೇಗೌಡ ಅದನ್ನು ದಾರದಲ್ಲಿ ಕಟ್ಟಿ ಬಾಗಿಲ ಕಂಬಿಗೆ ನೇತುಹಾಕಿದ್ದ. "ತಗಳಿ ಬಾವ. ಪಟ್ಣ ಎಲ್ಲ ನೋಡ್ಕಂಡು ಬಂತು. ಟಿಕೇಟು ಮಾತ್ರ ತಗಂಡಿಲ್ಲ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನಲ್ಲಿ ಕಟ್ಟಿಹಾಕಿದ್ದ ಒಂದು ಆಡೂ ನಕ್ಕಂತೆ ನನಗೆ ಕಂಡಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂದು, "ಇನ್ನು ಮೇಲೆ ನಿನ್ನ ಬಸ್ಸೊಳಗೆ ಕಾಲಿಟ್ಟರೆ ನಾನು ನಮ್ಮಪ್ಪನಿಗೆ ಹುಟ್ಟಿದ ಮಗನೇ ಅಲ್ಲ" ಎಂದು ಕೂಗಿದೆ. ಕೂಡಲೇ ಮುಂದಿನ ಸೀಟಿನಿಂದ ಪರಿಚಿತ ದನಿಯೊಂದು ಕೇಳಿಸಿತು. ಬಿತ್ತನೆ ರಾಗಿ ತರಲು ಪಟ್ಟಣಕ್ಕೆ ಹೋಗಿದ್ದ ನಮ್ಮಪ್ಪ ಅದೇ ಬಸ್ಸಿನಲ್ಲಿ ಕೂತಿದ್ದರು. "ಲೇ ಪುಟ್ಸಾಮಿ, ನಿಂದೂ ಬಸ್ಸಿಂದೂ ಏನಾರ ಇಟ್ಕಳ್ಲಾ. ಮಧ್ಯಕ್ಕೆ ನನ್ನ್ ಯಾಕ್ಲಾ ಎಳೀತೀಯೆ?" ಎಂದರು.

ಮಾತು ಆಡಿದರೆ ಹೋಯಿತು. ಇನ್ನು ನನಗೂ ಅಪ್ಪನ ಮರ್ಯಾದೆಗೂ ಉಳಿದ ದಾರಿ ಸೈಕಲ್ಲೊಂದೇ. ಸೈಕಲ್ಲಿಗೇನೂ ಬರ ಇರಲಿಲ್ಲ. ಮದುವೆಯಲ್ಲಿ ಗಂಡಿಗೆ ವಾಚು, ಸೂಟಿನ ಬಟ್ಟೆ, ಸೈಕಲ್ಲು ಕೊಡುವ ಕಾಲದಲ್ಲಿ ಮದುವೆಯಾದವನು ನಾನು. ವಾಚು ನಿಂತಿತ್ತು, ಸೂಟು ಹೊಟ್ಟೆಗೆ ಸಾಲದಾಗಿತ್ತು, ಸೈಕಲ್ಲು ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು. ಕಿಕ್ಕೇರಿಯಲ್ಲಿರುವ ನನ್ನ ಮಾವನವರು ಯಾವಾಗ ಸಿಕ್ಕರೂ ಮಗಳು ಹೇಗಿದ್ದಾಳೆ ಎಂದು ಕೇಳುವ ಮೊದಲು, "ಸೈಕಲ್ ಎಂಗದೆ ಅಳಿಯಂದ್ರೆ?" ಎಂದು ಕೇಳುತ್ತಿದ್ದರು. ನಾನು "ಗಾಳಿಯಂಗೆ ಹೋಗುತ್ತೆ ಮಾವ" ಎನ್ನುತ್ತಿದ್ದೆ. ಅಷ್ಟು ವರ್ಷ ಅದರ ಮೇಲೆ ಏರಿದ್ದು ನಮ್ಮ ಮನೆಯ ಕೆಂಪು ಕೋಳಿ ಮಾತ್ರ. ಅದು ಕ್ಯಾರಿಯರಿನ ಮೇಲೆ ಹುಲ್ಲು ಹಾಸಿಕೊಂಡು ಸಂಸಾರ ಹೂಡಿತ್ತು.

ಕೋಳಿಯನ್ನು ಎಬ್ಬಿಸಿ, ಸೈಕಲ್ಲನ್ನು ತಳ್ಳಿಕೊಂಡು ಪಟ್ಟಣದ ಪೇಟೆಯ ಮುನೀರ್ ಭಾಯಿಯ ಅಂಗಡಿಗೆ ಹೋದೆ. ಮುನೀರ್ ಭಾಯಿ ಸೈಕಲ್ಲನ್ನು ರಿಪೇರಿ ಮಾಡುತ್ತಿರಲಿಲ್ಲ, ಅದಕ್ಕೆ ಶೃಂಗಾರ ಮಾಡುತ್ತಿದ್ದರು. ಯಾವ ರೋಗಕ್ಕೂ ಅವರಲ್ಲಿ ಇದ್ದದ್ದು ಒಂದೇ ಔಷಧ: ಇನ್ನೊಂದು ಸಾಮಾನು ಹಾಕುವುದು. "ಅರೆ ಸಾಬ್, ಆಫೀಸ್‌ಗೆ ಓಗೋ ಗಾಡಿ ಇಂಗೆ ಬೋಳಾಗಿದ್ರೆ ಜನ ಏನಂತಾರೆ?" ಎಂದರು. ನಾನು ಓವರಾಲಿಂಗ್ ಸಾಕು ಎನ್ನಬೇಕಿತ್ತು. ಆದರೆ ಸಿದ್ದೇಗೌಡ ಬಸ್ಸಿನ ಬಾಗಿಲಲ್ಲಿ ನಿಂತು ನನ್ನ ಸೈಕಲ್ಲನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಚಿತ್ರ ಕಣ್ಣಿಗೆ ಕಟ್ಟಿ, "ಹಾಕಿ ಭಾಯಿ" ಎಂದುಬಿಟ್ಟೆ. ಡೈನಮೋ ಬಂತು, ಜೋಡಿ ಬೆಲ್ಲು ಬಂತು, ಹ್ಯಾಂಡಲ್ಲಿಗೆ ಕುಚ್ಚು ಬಂತು, ನಡುವಿನ ಬಾರಿಗೆ ಹಸಿರು ಹಳದಿ ವೈರು ಸುತ್ತಿದ್ದಾಯಿತು, ಕಡ್ಡಿಗಳಿಗೆಲ್ಲ ಬಣ್ಣದ ಮಣಿ ಪೋಣಿಸಿದ್ದಾಯಿತು. ಸೀಟಿಗೆ ಕೆಂಪು ಮಖಮಲ್ಲಿನ ಗೌಸು, ಅದರ ಸುತ್ತ ಬಂಗಾರದ ಜಾಲರಿ. ಹಾಡಹಗಲು ಕಚೇರಿಗೆ ಹೋಗುವವನಿಗೆ ಡೈನಮೋ ಯಾಕೆ ಎಂದು ನೀವು ಕೇಳಬಹುದು. ನಾನು ಕೇಳಲಿಲ್ಲ.

ಊರಿಗೆ ಬಂದಾಗ ಹೆಂಡತಿ ಜಯಮ್ಮ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದಳು. "ಚೆಂದಾಗದೆ. ಆಲಿನ ಕ್ಯಾನು ಎಲ್ಲಿ ತಗಲಾಕದು?" ಎಂದಳು. ಇದು ಕಚೇರಿಗೆ ಹೋಗುವ ಸೈಕಲ್ಲು ಎಂದೆ. "ಎಂಗೂ ಡೇರಿ ಮುಂದೇನೆ ಓಯ್ತೀರಲ್ಲ. ನಮ್ಮಪ್ಪ ಕೊಟ್ಟ ಸೈಕಲ್ಲು ನಮ್ಮನೆ ಆಲು ಒರಾಕಿಲ್ವಾ?" ಎಂದಳು. ನಮ್ಮಪ್ಪ ಎಂಬ ಪದ ಬಂದ ಮೇಲೆ ವಾದ ಮಾಡಬಾರದು ಎಂಬುದು ನನ್ನ ಬಚ್ಚಲುಮನೆಯ ಶಪಥಗಳಲ್ಲಿ ಒಂದು. ಎರಡೂ ಕಡೆ ಕೊಕ್ಕೆ ಬಂದವು. ನನ್ನಪ್ಪ ಸುಮ್ಮನಿರುತ್ತಾರೆಯೇ? ಹಾಲಿನವರ ಸೈಕಲ್ಲಿಗೆ ಇರುವಂಥ ಅಗಲವಾದ ಕಬ್ಬಿಣದ ಕ್ಯಾರಿಯರ್ ಹಾಕಿಸಿದರೆ ಸಂಜೆ ಬರುವಾಗ ನಾಲೆ ಪಕ್ಕದ ಗದ್ದೆಯಿಂದ ಹುಲ್ಲಿನ ಹೊರೆ ತರಬಹುದಲ್ಲ ಎಂದರು. ಶಪಥದಲ್ಲಿ ಅವರ ಹೆಸರೆತ್ತಿದ ಋಣ ಇತ್ತು, ಹಾಕಿಸಿದೆ. ಆ ಕ್ಯಾರಿಯರ್ ಹೊರಲು ಹಳೆಯ ಸ್ಟ್ಯಾಂಡು ಸಾಲದೆ ಬಾಗಿತು. ಮುನೀರ್ ಭಾಯಿ ಸಂತೋಷದಿಂದ ಇನ್ನೂ ದಪ್ಪನೆಯ ಸ್ಟ್ಯಾಂಡು ಹಾಕಿದರು.

ಮೊದಲ ದಿನ ಡೇರಿಯ ಮುಂದೆ ಇಳಿದೆನೋ ಇಲ್ಲವೋ, ಸೈಕಲ್ಲು ಹೋರಿಯಂತೆ ಮುಂಗಾಲೆತ್ತಿ ನಿಂತಿತು. ಹಿಂದೆ ಅಷ್ಟು ಭಾರ, ಮುಂದೆ ಬರೀ ಕುಚ್ಚು. ಕ್ಯಾನುಗಳು ಚರಂಡಿಗೆ ಹಾಲೆರೆದವು. "ಬಾರ ಸಮ ಆಗ್ಬೇಕು ಕಣ್ಲಾ" ಎಂದು ಅಪ್ಪ ತೀರ್ಪು ಕೊಟ್ಟರು. ಮುನೀರ್ ಭಾಯಿ ಹ್ಯಾಂಡಲ್ಲಿಗೆ ಒಂದು ಬುಟ್ಟಿ ಕೂರಿಸಿದರು, ಮನೆಗೆ ಮಿಕ್ಸಿ ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಒರಳಿನ ಗುಂಡುಕಲ್ಲನ್ನು ಅಪ್ಪ ಅದರೊಳಗೆ ಇಟ್ಟರು. ಮನೆ ಕಳೆದುಕೊಂಡು ಮುನಿಸಿಕೊಂಡಿದ್ದ ಕೆಂಪು ಕೋಳಿ ಬುಟ್ಟಿಯೊಳಗೆ ಇಣುಕಿತು. ಅಷ್ಟು ದೊಡ್ಡ, ಅಷ್ಟು ನುಣ್ಣನೆಯ ಮೊಟ್ಟೆಯನ್ನು ಅದು ಜನ್ಮದಲ್ಲಿ ಕಂಡಿರಲಿಲ್ಲ. ತಾನೇ ಇಟ್ಟದ್ದು ಎಂದು ತಿಳಿದು ಹೆಮ್ಮೆಯಿಂದ ಅದರ ಮೇಲೆ ಕಾವಿಗೆ ಕೂತಿತು. ಪ್ರತಿದಿನ ಬೆಳಿಗ್ಗೆ ಅದನ್ನು ಎತ್ತಿ ಕೆಳಗಿಡುವುದೂ, ಅದು ನನ್ನ ಕೈಗೆ ಕುಕ್ಕುವುದೂ ನನ್ನ ಕಚೇರಿ ಕೆಲಸದ ಮೊದಲ ಭಾಗವಾಯಿತು.

ಕ್ಯಾರಿಯರಿನ ಅಗಲ ಊರಿನ ಕಣ್ಣಿಗೆ ಬೀಳಲು ಹೆಚ್ಚು ದಿನ ಬೇಕಾಗಲಿಲ್ಲ. ನಮ್ಮ ಕಡೆ ಪಟ್ಟಣಕ್ಕೆ ಹೋಗುವ ಗಾಡಿ ಖಾಲಿ ಹೋಗುವುದನ್ನು ಕಂಡರೆ ಜನಕ್ಕೆ ಸಂಕಟವಾಗುತ್ತದೆ. "ಎಂಗೂ ಪಟ್ಣಕ್ಕೋಯ್ತೀಯಲ್ಲ" ಎಂಬುದು ಇಲ್ಲಿ ಒಂದು ಮಾತಲ್ಲ, ಹಕ್ಕು. ಒಬ್ಬರು ಬಾಳೆಗೊನೆ ಇಟ್ಟರು, ಒಬ್ಬರು ಕುಲುಮೆಗೆ ನೇಗಿಲ ಕುಳ ಕಳಿಸಿದರು, ಪಕ್ಕದ ಮನೆಯ ಕೆಂಚಮ್ಮಜ್ಜಿ ಪಟ್ಟಣದ ಮಗಳ ಮನೆಗೆ ಬೆಲ್ಲ, ಅವರೆಕಾಯಿ, ಒಮ್ಮೆ ತಮ್ಮನ್ನೇ ಕಳಿಸಲು ನೋಡಿದರು. ನಾಲೆ ಸೇತುವೆಯ ಏರು ಬಂದರೆ ನಾನು ಇಳಿದು ತಳ್ಳುತ್ತಿದ್ದೆ. ಕೆಲವು ದಿನಗಳಲ್ಲಿ ಏರಿಲ್ಲದ ಕಡೆಯೂ ತಳ್ಳತೊಡಗಿದೆ. ಕಬ್ಬಿನ ಟ್ರಾಕ್ಟರಿನ ಹಿಂಬದಿ ಹಿಡಿದು ಜಗ್ಗಿಸಿಕೊಂಡು ಹೋಗೋಣವೆಂದರೆ, ಒಮ್ಮೆ ನಾನು ಹಿಡಿದದ್ದೇ ತಡ ಡ್ರೈವರ್ ತಿರುಗಿ ನೋಡಿ, "ಸ್ವಾಮಿ ಕೈ ಬುಡಿ, ಇಂಜಿನ್ ಮುಕ್ಕರೀತದೆ" ಎಂದ. ಇಷ್ಟರ ಮಧ್ಯೆ ದಿನವೂ ಆ ಬಸ್ಸು ಪಕ್ಕದಲ್ಲಿ ನಿಧಾನಿಸುತ್ತಿತ್ತು. "ಯಾಕ್ ಬಾವ, ಪಂಚರಾ?" ಎಂದು ಸಿದ್ದೇಗೌಡ ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. "ಇಲ್ಲ, ಡಾಕ್ಟರು ನಡೀಬೇಕು ಅಂದವ್ರೆ" ಎನ್ನುತ್ತಿದ್ದೆ.

ಸಾಮಾನುಗಳನ್ನು ಬಿಚ್ಚಿಸಬಹುದಿತ್ತಲ್ಲ ಎಂದರೆ, ಅದು ಸೈಕಲ್ಲಿನ ಬಗ್ಗೆ ತಿಳಿದವರು ಆಡುವ ಮಾತು, ಮನೆಯ ಬಗ್ಗೆ ತಿಳಿದವರದಲ್ಲ. ಕೊಕ್ಕೆ ಮುಟ್ಟಿದರೆ ಹೆಂಡತಿ, ಕ್ಯಾರಿಯರ್ ಮುಟ್ಟಿದರೆ ಅಪ್ಪ, ಬುಟ್ಟಿ ಮುಟ್ಟಿದರೆ ಕೋಳಿ. ನನ್ನದು ಅಂತ ಇದ್ದದ್ದು ಡೈನಮೋ ಮತ್ತು ಮಖಮಲ್ಲು. ಅವನ್ನು ಬಿಚ್ಚಲು ನನಗೆ ಮನಸ್ಸು ಬರಲಿಲ್ಲ.

ಕಚೇರಿಯಲ್ಲಿ ನಾನು ತಡವಾಗುವುದು ಪದ್ಧತಿಯೇ ಆಯಿತು. ಸಾಹೇಬರು ಮೊದಮೊದಲು ಗೊಣಗಿದರು. ಒಂದು ದಿನ ಅವಸರದಲ್ಲಿ ಬುಟ್ಟಿ ನೋಡದೆ ಹೊರಟುಬಿಟ್ಟಿದ್ದೆ. ಕಚೇರಿಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ಕೆಂಪು ಕೋಳಿ ಬುಟ್ಟಿಯಿಂದಿಳಿದು, ನನಗಿಂತ ಮೊದಲು ಒಳಗೆ ಹೋಗಿ, ನೇರ ಸಾಹೇಬರ ಮೇಜಿನ ಮೇಲೆ ಹತ್ತಿ ಕೂತಿತು. ಸಾಹೇಬರು ಅದನ್ನೂ ನನ್ನನ್ನೂ ನೋಡಿ, "ಕೋಳಿಯಾದರೂ ನಿಮಗಿಂತ ಬೇಗ ಬಂದಿದೆ ಪುಟ್ಟಸ್ವಾಮಿಯವರೆ. ಇನ್ನೊಂದು ದಿನ ತಡವಾದರೆ ನಿಮ್ಮನ್ನು ಕಿಕ್ಕೇರಿಗೆ ಹಾಕಿಸುತ್ತೇನೆ. ಅಲ್ಲಿ ಜಾಗ ಖಾಲಿಯಿದೆ" ಎಂದರು. ಬೇರೆಯವರಿಗೆ ಕಿಕ್ಕೇರಿ ಒಳ್ಳೆಯ ಊರೇ ಇರಬಹುದು. ನನಗೆ ಅದು ಮಾವನ ಮನೆ. ಮೂರು ಹೊತ್ತೂ ಅವರ ಎದುರಿಗೆ ಕೂತು ಊಟ ಮಾಡಬೇಕು, ಮೂರು ಹೊತ್ತೂ ಸೈಕಲ್ಲು ಹೇಗಿದೆ ಎಂದು ಹೇಳಬೇಕು. ಮನೆಗೆ ಬಂದು ಜಯಮ್ಮನಿಗೆ ಹೇಳಿದರೆ ಅವಳ ಮುಖ ಅರಳಿತು. "ಅಂಗಾರೆ ನಾಳೀಕೆ ಇನ್ನೊಂಚೂರು ಲೇಟಾಗೇ ಓಗಿ" ಎಂದಳು.

ಮಾರನೆಯ ದಿನ ಮುಖ ತೊಳೆದವನೇ ಹೊರಟೆ. ಆದರೆ ನಾನು ಹೊರಡುವ ಮೊದಲೇ ಊರು ಎದ್ದಿತ್ತು. ಕ್ಯಾರಿಯರಿನ ಮೇಲೆ ಒಂದು ಮೂಟೆ ರಾಗಿ, ಅದರ ಮೇಲೆ ಬಾಳೆಗೊನೆ. ಹೇಗೋ ಡೇರಿ ದಾಟಿ, ನಾಲೆ ಸೇತುವೆಯ ಅರ್ಧ ಏರಿನಲ್ಲಿ ಸೈಕಲ್ಲು ನಿಂತೇಬಿಟ್ಟಿತು. ಮುಂದಕ್ಕೆ ತಳ್ಳಲು ಶಕ್ತಿಯಿಲ್ಲ, ಕೈ ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಹಾಗೆ ಒತ್ತಿಹಿಡಿದು ನಿಂತಿದ್ದಾಗ ಬುಟ್ಟಿಯಿಂದ ಕೆಂಪು ಕೋಳಿ ತಲೆಯೆತ್ತಿ ನೋಡಿತು. ಅದೇ ಹೊತ್ತಿಗೆ ಹಿಂದಿನಿಂದ ಬಸ್ಸಿನ ಹಾರನ್ ಕೇಳಿಸಿತು.

ಸಿದ್ದೇಗೌಡ ಈ ಸಲ ನಗಲಿಲ್ಲ. ಇಳಿದು ಬಂದು ಸೈಕಲ್ಲಿಗೆ ಹೆಗಲು ಕೊಟ್ಟ. ಕಿಕ್ಕೇರಿಯ ಸುದ್ದಿ ಅವನಿಗೂ ಮುಟ್ಟಿತ್ತು. ನನ್ನ ಮಾವ ಅವನಿಗೆ ದೊಡ್ಡಪ್ಪ, ಆ ಮನೆಗೆ ನಾನು ಸೇರುವುದು ಅವನಿಗೂ ಬೇಡವಾಗಿತ್ತೋ ಏನೋ. "ಅತ್ತಿ ಬಾವ, ಸೈಕಲ್ನ ಮೇಲಕ್ಕಾಕ್ಸ್ತೀನಿ. ಒಳಗೆ ಸೀಟೂ ಅದೆ" ಎಂದ. ಪ್ರಯಾಣಿಕರು ಹಗ್ಗ ಹಾಕಿ, ಉಸಿರು ಕಟ್ಟಿ, ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಎಳೆದರು. ನಾನು ಬಾಗಿಲ ಕಂಬಿ ಹಿಡಿದು ಒಂದು ಕಾಲೆತ್ತಿದೆ. ಕಿಟಕಿಯಿಂದ ಅಪ್ಪನ ತಲೆ ಹೊರಬಂತು. ಆ ದಿನವೂ ಅವರಿಗೆ ಪಟ್ಟಣದಲ್ಲಿ ಕೆಲಸವಿತ್ತು. "ವಸಿ ಯೋಚ್ನೆ ಮಾಡಿ ಅತ್ತಪ್ಪ. ನಾನಿಲ್ಲೇ ಕುಂತಿವ್ನಿ" ಎಂದರು.

ಎತ್ತಿದ ಕಾಲನ್ನು ಇಳಿಸಿ, ಹಿಂದಿನ ಏಣಿಯಿಂದ ಬಸ್ಸಿನ ಮೇಲೆ ಹತ್ತಿದೆ. ಕೋಳಿ ನನ್ನ ಕಂಕುಳಲ್ಲಿತ್ತು. ಸಿದ್ದೇಗೌಡ ಕೆಳಗಿನಿಂದ ಕೈ ಚಾಚಿ, "ಕೋಳಿ ಕೊಡಿ ಬಾವ ಇತ್ಲಾಗೆ, ಬಿಸ್ಲಾಯ್ತದೆ. ಅದೇನು ಸಪಥ ಮಾಡಿಲ್ವಲ್ಲ" ಎಂದ. ನನಗೆಂದು ಇಟ್ಟಿದ್ದ ಸೀಟಿನಲ್ಲಿ, ಅಪ್ಪನ ಪಕ್ಕ, ಕೋಳಿ ಕೂತಿತು.

ಮೇಲೆ ಈರುಳ್ಳಿ ಮೂಟೆಗಳ ನಡುವೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿದ್ದರು. ಕೂರಲು ಬೇರೆ ಜಾಗವಿರಲಿಲ್ಲ, ಮಖಮಲ್ಲಿನ ಸೀಟಿನ ಮೇಲೆ ಕೂತೆ. ಬಸ್ಸು ಏರು ದಾಟಿ ವೇಗ ಹಿಡಿಯಿತು. ಕುಚ್ಚುಗಳು ಹಾರಿದವು. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ನಾನು ಮರ್ಯಾದೆಗಾಗಿ ಒಂದೆರಡು ಸಲ ಬೆಲ್ಲು ಹೊಡೆದೆ. ಮಾವನವರ ಸೈಕಲ್ಲು ಗಾಳಿಯ ಹಾಗೆ ಹೋಗುತ್ತದೆ ಎಂದು ನಾನು ಅಷ್ಟು ವರ್ಷ ಹೇಳಿಕೊಂಡು ಬಂದದ್ದು ಆ ದಿನ ನಿಜವಾಯಿತು. ನನಗೆ ನಿಜವಾಗಿಯೂ ಖುಷಿಯಾಯಿತು.

ಪಟ್ಟಣದಲ್ಲಿ ಇಳಿದಾಗ ಕಚೇರಿಗೆ ಇನ್ನೂ ಸಮಯವಿತ್ತು. ನನ್ನ ಟಿಕೇಟು, ಸೈಕಲ್ಲಿನ ಲಗೇಜು ಎಷ್ಟಾಯಿತೆಂದು ಜೇಬಿಗೆ ಕೈಹಾಕಿದರೆ ಸಿದ್ದೇಗೌಡ ಬೇಡವೆಂದ. ಅವನ ಅಂಗೈಯಲ್ಲಿ ಒಂದು ಬಿಸಿ ಮೊಟ್ಟೆ ಇತ್ತು. ಕಲ್ಲಿಗೆ ಕಾವು ಕೊಟ್ಟು ಬೇಸತ್ತ ಕೋಳಿ ಮೆತ್ತನೆಯ ಸೀಟು ಸಿಕ್ಕಿದ್ದೇ ತನ್ನ ಕೆಲಸ ಮುಗಿಸಿತ್ತು. "ಬುಡಿ ಬಾವ, ನಿಮ್ಮ ಚಾರ್ಜು ಅದೇ ಕೊಟ್ಬುಡ್ತು" ಎಂದ. ಅಪ್ಪ ಬಸ್ಸಿನಿಂದ ಇಳಿದು ಬಂದರು. ಧೂಳು ಮೆತ್ತಿಕೊಂಡು ನಿಂತಿದ್ದ ನನ್ನನ್ನು ಒಮ್ಮೆ ನೋಡಿದರು, ಕೋಳಿಯನ್ನು ಒಮ್ಮೆ ನೋಡಿದರು. ಆಮೇಲೆ ಕೋಳಿಯ ಬೆನ್ನು ಸವರಿ, "ನಮ್ಮನೇಲಿ ಉಟ್ಟಿದ್ದು ಅಂದ್ರೆ ಇದು ಕಣಪ್ಪ" ಎಂದು ಅದನ್ನು ಎತ್ತಿಕೊಂಡು ಹೊರಟರು.