ನೀಲಿಯಾಗಬಾರದಿದ್ದ ತಟ್ಟೆ

ತೊಂದರೆಗೆಲ್ಲ ಮೂಲ ಅಂಗೈಯಗಲದ ಒಂದು ಗಾಜಿನ ತಟ್ಟೆ. ಅದರ ಒಡೆಯನನ್ನು ಪ್ರಯೋಗಾಲಯದವರೆಲ್ಲ 'ಕುರಿ ಡಾಕ್ಟ್ರು' ಎನ್ನುತ್ತಿದ್ದರೂ ಅವನಿನ್ನೂ ಡಾಕ್ಟರಾಗಿರಲಿಲ್ಲ. ಕುರಿಗಳಿಗೆ ಸಿಡುಬು ತರುವ ವೈರಸ್ಸಿನಲ್ಲಿ ಒಂದು ಕಿಣ್ವವನ್ನು ತಯಾರಿಸುವ ಜೀನ್ ಯಾವುದೆಂದು ಅವನು ಗುರುತಿಸಿದ್ದ. ಕಿಣ್ವ ವೈರಸ್ಸಿನದೇ ಎಂದು ಇವತ್ತು ತನ್ನ ಮಾರ್ಗದರ್ಶಕಿ ಮೇಡಂಗೆ ತೋರಿಸಿದರೆ ಪಿಎಚ್‌ಡಿ ಪದವಿ, ಇಲ್ಲವಾದರೆ ಎಲ್ಲ ಮೊದಲಿನಿಂದ.

ಬೆಳಗ್ಗೆ ತಟ್ಟೆಗಳಿಗೆ, ಕಿಣ್ವವಿದ್ದರೆ ನೀಲಿಯಾಗುವ ಬಣ್ಣದ ದ್ರಾವಣ ಸುರಿದು ಕಾದ. ವೈರಸ್ ಇದ್ದ ತಟ್ಟೆ ನಿಧಾನವಾಗಿ ನೀಲಿಯಾಯಿತು. ಅವನು ಬಾಗಿ ಅದನ್ನೇ ನೋಡಿದ. ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರೂ ಇಲ್ಲ. ಅಂಥ ಧೂಳಿಗಿಂತ ಸಣ್ಣದೊಂದು ತನಗೆ ಬೇಕಾದ ಕಿಣ್ವದ ವಿದ್ಯೆಯನ್ನು ಗಂಟು ಕಟ್ಟಿಕೊಂಡೇ ಕುರಿಯಿಂದ ಕುರಿಗೆ ಅಲೆಯುತ್ತದಲ್ಲ! ಕೈಮುಗಿಯೋಣ ಅನ್ನಿಸಿತು.

ಅಷ್ಟರಲ್ಲಿ ಪಕ್ಕದ ತಟ್ಟೆ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದು ಬರೀ ಜೀವಕೋಶ. ವೈರಸ್ ಇಲ್ಲದ ಅದು ಬಿಳಿಯಾಗಿಯೇ ಉಳಿಯಬೇಕು. ಅದೂ ನೀಲಿ. ಅಂದರೆ ಕಿಣ್ವ ಕೋಶದ್ದೇ.

"ತಟ್ಟೆ ಸರಿಯಾಗಿ ತೊಳ್ದಿಲ್ಲ ನೀನು," ಅಂದ ಪಕ್ಕದ ಮೇಜಿನವ.

"ನಂಗೇನೋ ಹಸಿರು ಕಾಣ್ತಿದೆ," ಅಂದರು ಲೆಕ್ಕದ ಗುಮಾಸ್ತರು. ಅವರನ್ನು ಕರೆದವರು ಯಾರೋ.

ಮೇಡಂ ಎರಡೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ನಿಟ್ಟುಸಿರುಬಿಟ್ಟರು. "ಬೇರೆ ಜೀನ್ ಹುಡುಕಪ್ಪ."

ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಎಲ್ಲರೂ ಅಕ್ಕ ಎನ್ನುವ ತಂತ್ರಜ್ಞೆ ಟೀ ತಂದರು. ಲಸಿಕೆ ಕಾರ್ಖಾನೆಯಿಂದ ಮೊನ್ನೆಯಷ್ಟೇ ಬಂದವರು. ಅಲ್ಲಿ ಯಾವ ಸೀಸೆಯನ್ನೂ ಖಾಲಿ ಬಿಡುವ ರೂಢಿಯಿರಲಿಲ್ಲ.

"ಯಾಕೋ ಮುಖ ಸಪ್ಪಗಿದೆ? ನಿನ್ನೆ ನೀನು ಒಂದು ತಟ್ಟೆಗೆ ವೈರಸ್ ಹಾಕೋದೇ ಮರ್ತಿದ್ದೆ. ಪಾಪ, ಬೈಸ್ಕೊಳ್ತಾನೆ ಅಂತ ನಾನೇ ಹಾಕ್ಬಿಟ್ಟೆ."

ಅವನಿಗೆ ಕೋಪ ಬರಬೇಕಿತ್ತು, ಬಂದದ್ದು ಕಣ್ಣೀರು. ಹಾಗಾದರೆ ಜೀನ್ ನಿಜ. ಬೆಳಗ್ಗೆ ಕಂಡ ಆ ಅದ್ಭುತವೂ ನಿಜ.

"ಅಕ್ಕಾ, ಈಗ್ಲೇ ಇನ್ನೊಂದ್ಸಲ ಮಾಡ್ತೀನಿ. ವೈರಸ್ ಸೀಸೆ ಎಲ್ಲಿ?"

"ತೊಳೆದಿಟ್ಟಿದೀನಿ. ತಳದಲ್ಲಿ ಸ್ವಲ್ಪವೇ ಇತ್ತು. ಒಂದು ಹನೀನೂ ದಂಡ ಮಾಡಿಲ್ಲ ಕಣೋ, ಎಲ್ಲಾ ಆ ತಟ್ಟೆಗೇ ಸುರಿದೆ."

ಬಣ್ಣ ಬಿದ್ದ ತಟ್ಟೆಗಳಲ್ಲಿ ವೈರಸ್ ಆಗಲೇ ಸತ್ತಿತ್ತು. ಎರಡೂ ತಟ್ಟೆಗಳನ್ನು ಹೊಸದಾಗಿ ಒಟ್ಟಿಗೆ ತೋರಿಸದೆ ಮೇಡಂ ಒಪ್ಪುವವರಲ್ಲ. ಉಳಿದದ್ದು ಒಂದೇ ದಾರಿ. ವೈರಸ್ ಮೊದಲು ಸಿಕ್ಕಿದ್ದು ಯಾರ ಕುರಿಗಳಿಂದಲೋ ಆ ಕುರಿ ಸಾಕುವವನಿಗೆ ಫೋನ್ ಮಾಡಿದ.

"ನಿಮ್ಮ ಕುರಿಗಳಿಗೆ ಮತ್ತೆ ಸಿಡುಬು ಬಂತಾ?"

"ಇಲ್ಲ ಸಾರ್, ಲಸಿಕೆ ಹಾಕ್ಸಿದ್ಮೇಲೆ ಸುತ್ತಮುತ್ತ ಎಲ್ಲೂ ಇಲ್ಲ."

"ಒಂದಕ್ಕೂ ಇಲ್ವಾ? ಚೆನ್ನಾಗಿ ನೋಡಿದ್ರಾ?"

ಆ ಕಡೆಯ ದನಿ ಗದ್ಗದವಾಯಿತು. "ಒಂದಕ್ಕೂ ಇಲ್ಲ ಸಾರ್. ನಮ್ಮ ಕುರಿಗಳಿಗೋಸ್ಕರ ಇಷ್ಟು ಸಂಕಟ ಪಡೋರು ನೀವೊಬ್ರೇ."