ಹುಷಾರಪ್ಪನವರ ಮೂರು ಪ್ರಶ್ನೆ

"ನನ್ನ ಹೆಸರು ಹೇಳಿಕೊಂಡು ಇನ್ನೊಬ್ಬ ಮೆರೆಯೋದೇ? ಈ ಜನ್ಮದಲ್ಲಿ ಸಾಧ್ಯವಿಲ್ಲ!"

ಈ ಘೋಷಣೆ, ಸಾಬೂನು ಕಾರ್ಖಾನೆಯ ಉಗ್ರಾಣದ ಗುಮಾಸ್ತ ಹುಷಾರಪ್ಪನವರದು. ಸಹೋದ್ಯೋಗಿಗಳು ತಮಾಷೆಗೆ ಇಟ್ಟ ಹೆಸರದು. ಇವರು ಮಾತ್ರ ಅದನ್ನು ಬಿರುದೆಂದೇ ತಿಳಿದಿದ್ದರು. ಕಳ್ಳರು ಈಗ ದನಿಯನ್ನೂ ಕದಿಯುತ್ತಾರೆಂದು ಕೇಳಿದ ದಿನವೇ ಫ್ರಿಜ್ಜಿನ ಮೇಲೊಂದು ಶಾಸನ ಅಂಟಿಸಿದರು: 'ಫೋನಿನಲ್ಲಿ ನನ್ನದೇ ದನಿ ಕೇಳಿದರೂ ನಂಬಬೇಡ. ಮನೆಯವರಿಗಷ್ಟೇ ಗೊತ್ತಿರುವ ಮೂರು ಪ್ರಶ್ನೆ ಕೇಳು.'

"ಪ್ರಶ್ನೆ ನಾನೇ ಆರಿಸ್ಕೋಬಹುದಾ?" ಹೆಂಡತಿ ಕೇಳಿದರು.

"ಧಾರಾಳವಾಗಿ!"

ಮರುವಾರವೇ ಮುಖ್ಯ ಗುಮಾಸ್ತರ ಹುದ್ದೆಗೆ ಸಂದರ್ಶನ. ಹನ್ನೆರಡು ವರ್ಷ ಕಾದಿದ್ದ ಹುದ್ದೆ! ಬಸ್ಸಿನಲ್ಲಿ ಜೇಬುಗಳ್ಳರ ಕಾಟವೆಂದು ಹುಷಾರಪ್ಪನವರು ಫೋನನ್ನೂ ಗುರುತಿನ ಕಾರ್ಡನ್ನೂ ಬೀರುವಿನಲ್ಲಿ ಭದ್ರವಾಗಿಟ್ಟು ಹೊರಟರು.

ಪ್ರಧಾನ ಕಚೇರಿಯ ಗೇಟಿನಲ್ಲಿ ಕಾವಲುಗಾರ ತಡೆದ. "ಕಾರ್ಡ್ ಇಲ್ವಾ? ಕಾರ್ಡಿನ ನಂಬರಾದ್ರೂ ಹೇಳಿ ಸಾರ್, ಕಂಪ್ಯೂಟರಲ್ಲಿ ನೋಡ್ತೀನಿ."

ನಂಬರು! ನಿದ್ದೆಯಲ್ಲಿ ಬಡಬಡಿಸಿಬಿಟ್ಟೇನೆಂದು ಅವರು ಬೇಕೆಂದೇ ಅದನ್ನು ಕಂಠಪಾಠ ಮಾಡಿರಲಿಲ್ಲ. ಹನ್ನೊಂದರ ಸಂದರ್ಶನಕ್ಕೆ ಇನ್ನು ಹತ್ತೇ ನಿಮಿಷ. ಮನೆಗೆ ಕರೆ ಮಾಡಲು ಕಾವಲುಗಾರನ ಫೋನು ಬೇಡಿದರು. ಅವನೂ ಹುಷಾರಿ: "ಕೈಗೆ ಕೊಡಲ್ಲ ಸಾರ್. ಸ್ಪೀಕರ್ ಹಾಕ್ತೀನಿ, ಅಲ್ಲಿಂದಲೇ ಮಾತಾಡಿ." ಹಿಂದೆ ನಿಂತಿದ್ದ ಸಾಲು ಕಿವಿ ನಿಮಿರಿಸಿತು.

"ಲೇ, ನಾನು! ಬೀರುವಲ್ಲಿ ನನ್ನ ಕಾರ್ಡಿದೆ, ನಂಬರ್ ಓದು!"

"ಯಾರು ನೀವು?"

"ನಿನ್ನ ಗಂಡ ಕಣೇ!"

"ಕಳ್ಳರೂ ಹಾಗೇ ಹೇಳ್ತಾರೆ ಅಂತ ನಮ್ಮನೆಯವರು ಹೇಳಿದಾರೆ. ಮೊದಲ್ನೇ ಪ್ರಶ್ನೆ. ಮಗಳು ಎಷ್ಟನೇ ಕ್ಲಾಸು?"

"ಏಳು!"

"ಎಂಟು. ನನಗೆ ಯಾವ ಮಂಡಿ ನೋವು?"

ಹುಷಾರಪ್ಪನವರಿಗೆ ಸಿಡಿಲು ಬಡಿದಂತಾಯಿತು. ಮಂಡಿ ನೋವಿರುವುದೇ ಹೊಸ ಸುದ್ದಿ! "ಎ... ಎಡಗಡೇದು?"

"ಬಲಗಡೇದು. ಆರು ತಿಂಗಳಿಂದ. ಕೊನೇದು. ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನು ಏನು ಹೇಳ್ದೆ?"

"ಏನೋ... ಹೇಳ್ದೆ."

"'ಕಾರ್ಡ್ ತಗೊಂಡ್ರಾ' ಅಂದೆ."

ಹನ್ನೆರಡು ವರ್ಷದ ಕನಸು ಕಣ್ಣೆದುರೇ ಮಣ್ಣುಪಾಲು! ಹುಷಾರಪ್ಪನವರು ಗೇಟಿನ ಸರಳು ಹಿಡಿದುಕೊಂಡರು. ಅಷ್ಟರಲ್ಲಿ ಆ ಕಡೆ ಬೀರು ತೆರೆದ ಸದ್ದು.

"ಬರ್ಕೊಳ್ಳಿ. ನಾಲ್ಕು, ಸೊನ್ನೆ, ಏಳು..."

ಅವರು ಬೆಚ್ಚಿಬಿದ್ದರು. "ಮೂರೂ ತಪ್ಪಾಯ್ತಲ್ಲೇ! ಹೇಗೆ ನಂಬಿದೆ?"

"ಕಳ್ಳ ಆಗಿದ್ರೆ ಒಂದನ್ನಾದ್ರೂ ತಿಳ್ಕೊಂಡು ಫೋನ್ ಮಾಡ್ತಿದ್ದ. ನೀವು ನೀವೇ, ಅನುಮಾನವೇ ಇಲ್ಲ!"

ಕಾವಲುಗಾರ ಕಂಪ್ಯೂಟರ್ ನೋಡದೆಯೇ ಗೇಟು ತೆಗೆದ.